ಕೋಸಿಗೆ ಬಂದ ಕುತ್ತು

ಹಣ್ಣು, ತರಕಾರಿಯಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಎಂದು ಪರೀಕ್ಷಿಸಿ, ತಿಂಗಳಿಗೊಮ್ಮೆ ಜನರಿಗೆ ತಿಳಿಸುವ ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಇದುವರೆಗಿನ ವರದಿಗಳು ಬರೆದವರಿಗೇ ಅರ್ಥವಾಗುತ್ತಿರಲಿಲ್ಲ. ಈ ಸಲ ನಾನೇ ಬರೆಯುತ್ತೇನೆ, ಇಡೀ ಊರು ಮೂಗಿನ ಮೇಲೆ ಬೆರಳಿಡಬೇಕು ಎಂದು ಪಣ ತೊಟ್ಟೆ!

"ಹಾಕೋ ಮುಂಚೆ ಇನ್ನೊಬ್ಬರಿಗೆ ತೋರಿಸಿ ಕಣ್ರೀ," ಎಂದರು ಸಾಹೇಬರು.

ನನ್ನ ಬರಹವನ್ನು ಇನ್ನೊಬ್ಬರು ತಿದ್ದುವುದೇ! ಬೆಳಿಗ್ಗೆ ವರದಿ ಜಾಲತಾಣಕ್ಕೆ ಏರಿತು, ಮಾರುಕಟ್ಟೆಯ ಫಲಕಕ್ಕೂ ಏರಿತು. ನಾನಂತೂ ಅಟ್ಟಕ್ಕೇ ಏರಿದ್ದೆ!

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಒಲೆ ತಣ್ಣಗಿದೆ, ಹೆಂಡತಿ ಬಿಸಿಯಾಗಿದ್ದಾಳೆ!

"ರೀ, ವರದಿ ಕೆಳಗೆ ಯಾರ ನಂಬರ್ ಹಾಕಿದೀರಾ?"

"ಕಚೇರೀದು ಕಣೇ."

"ನಮ್ಮನೇದು! ಬೆಳಿಗ್ಗೆಯಿಂದ ಅರವತ್ತಮೂರು ಜನ ದ್ರಾಕ್ಷಿ ತಿನ್ನಬಹುದಾ ಅಂತ ಕೇಳಿದಾರೆ. ನಾನಿನ್ನೂ ಒಂದು ತುತ್ತು ತಿಂದಿಲ್ಲ!"

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಸ್ಪೀಕರ್ ಹಾಕಿದಳು.

"ಅಕ್ಕಾ, ನಾನು ಕೋಸು ಮಾರೋನು. ನನ್ನ ಕೋಸಲ್ಲಿ ವಿಷ ಮಿತಿ ಮೀರಿದೆ ಅಂತ ಬೋರ್ಡಲ್ಲಿ ಹಾಕಿದಾರೆ. ಗಾಡಿ ಹತ್ರ ನೊಣಾನೂ ಬರ್ತಿಲ್ಲ. ಎಲ್ಲಾನೂ ತಿಪ್ಪೆಗೆ ಸುರಿಯೋಕೆ ಹೊರಟಿದೀನಿ..."

"ಒಂದು ನಿಮಿಷ ಇರಿ ಅಣ್ಣ," ಎಂದವಳೇ ನನ್ನತ್ತ ಕೈ ಚಾಚಿದಳು. "ಜೇಬಲ್ಲಿರೋ ಪ್ರಯೋಗಾಲಯದ ಚೀಟಿ ಕೊಡಿ. ಮಿತಿ ಎಷ್ಟು?"

"ಸೊನ್ನೆ ಪಾಯಿಂಟ್ ಒಂದು."

"ಚೀಟೀಲಿ ಕೋಸಿಗೆ ಸೊನ್ನೆ ಪಾಯಿಂಟ್ ಸೊನ್ನೆ ಐದು ಅಂತಿದೆ. ನೀವು ಸೊನ್ನೆ ಪಾಯಿಂಟ್ ಐದು ಅಂತ ಬರೆದಿದೀರಾ. ಒಂದು ಸೊನ್ನೇನ ನುಂಗಿ ನೀರು ಕುಡಿದಿದೀರಲ್ರೀ!"

ನಾನು ಚೀಟಿ ಕಿತ್ತುಕೊಂಡು ನೋಡಿದೆ, ನಿಜ! ಅವಳು ಫೋನಿಗೆ ಕಿರುಚಿದಳು: "ಅಣ್ಣಾ, ಒಂದೆಲೆನೂ ಸುರೀಬೇಡಿ! ತಪ್ಪು ನಮ್ಮದು!"

ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅವಳದು! ಕಚೇರಿಗೆ ಓಡಿ ಸಾಹೇಬರ ಮುಂದೆ ಎಲ್ಲ ಒಪ್ಪಿಕೊಂಡೆ.

"ತಪ್ಪು ಹಿಡಿದೋರು ಯಾರು?"

"ನನ್ನ ಹೆಂಡತಿ, ಸಾರ್."

"ಹಾಗಾದ್ರೆ ತಿದ್ದುಪಡೀನ ಅವರ ಹತ್ರಾನೇ ಬರೆಸ್ತೀನಿ. ನೀವು ಕೈ ಹಾಕ್ಬೇಡಿ!" ಎಂದು ಸಾಹೇಬರೇ ಫೋನೆತ್ತಿದರು.

ಸಂಜೆ ಮಾರುಕಟ್ಟೆಗೆ ಹೋದೆ. ಕೋಸಿನ ಗಾಡಿಯ ಮುಂದೆ ಜನವೋ ಜನ! ಆತ ಎರಡೂ ಕೈಯಲ್ಲಿ ತೂಗುತ್ತಿದ್ದ. ನನಗೆ ಹೋದ ಜೀವ ಬಂದಂತಾಯಿತು. ಆದರೆ ಫಲಕದ ಮುಂದೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರಲ್ಲ, ಏಕೆ? ನುಗ್ಗಿ ಓದಿದೆ:

"ಎಲೆಕೋಸಿನಲ್ಲಿ ಕೀಟನಾಶಕ ಮಿತಿಯೊಳಗೇ ಇದೆ. ಮಿತಿ ಮೀರಿದ್ದು ವರದಿ ಬರೆದವರ ಜಂಬ."