ಚಟ್ನಿ ಹೊತ್ತಿಗೆ ಕೈಕೊಡುವ ನೆಟ್ಟು

ಶಿವರುದ್ರಪ್ಪ: ಇವತ್ತೂ ಮಾರಕ್ಕಾಗ್ಲಿಲ್ಲ! ಬೆರಳಿಡ್ತಿದ್ದಂಗೆ ನೆಟ್ಟು ಸತ್ತೋಯ್ತು. ಇದು ಕನೆಕ್ಷನ್ನೋ, ಶನಿಕಾಟನೋ?

ಕಮಲವ್ವ: ನಮ್ಮಪ್ಪ ಮದ್ವೇಲಿ ನನ್ನ ಹೆಸರಿಗೆ ಕೊಟ್ಟ ಷೇರು ಅವು. ಮಾರ್ಬೇಡಿ ಅಂತ ನೆಟ್ಟೇ ಹೇಳ್ತಿದೆ.

ಶಿವರುದ್ರಪ್ಪ: ಹೆಸರು ನಿಂದಾದ್ರೇನು, ಬುದ್ಧಿ ನಂದಲ್ವಾ? ಅವು ಮಲಗಿರೋ ಎಮ್ಮೆ ಕಣೇ. ಮಾರಿ, ಪಾರ್ಕಲ್ಲಿ ಒಬ್ರು ಹೇಳಿದ ಕಂಪನಿದು ತಗೋತೀನಿ. ಚಿರತೆ ಥರ ಓಡ್ತಿದೆಯಂತೆ!

ಕಮಲವ್ವ: ಯಾವ ದಿಕ್ಕಿಗೆ ಅಂತ ಕೇಳಿದ್ರಾ?

ಜೀವನ್ ಬಿಮಾ ನಗರದ ಆ ಮನೆಯಲ್ಲಿ ರೌಟರಿಗೂ ಮಿಕ್ಸಿಗೂ ಅಡುಗೆಮನೆಯ ಒಂದೇ ಸಾಕೆಟ್ಟು ಗತಿ. ಷೇರು ಮಾರ್ಕೆಟ್ ತೆರೆಯುವುದನ್ನೇ ಕಾದು ಕಮಲವ್ವ ರೌಟರಿನ ಪ್ಲಗ್ ಕಿತ್ತು ಚಟ್ನಿಗೆ ಕಾಯಿ ಹಾಕುತ್ತಿದ್ದಳು. ವಾರದಿಂದ ಉಪ್ಪಿಟ್ಟಿಗೂ ಚಟ್ನಿ, ಅನ್ನಕ್ಕೂ ಚಟ್ನಿ. ಹಜಾರದಲ್ಲಿ ಕೂತ ಗಂಡನಿಗೆ ರುಚಿ ತಿಳಿಯಿತೇ ಹೊರತು ಸಂಚು ತಿಳಿಯಲಿಲ್ಲ.

ಅಷ್ಟರಲ್ಲಿ ಶಿವರುದ್ರಪ್ಪ ಹೊಸ ನೆಟ್ಟಿಗೆಂದು ಕರೆಸಿದ್ದ ಲಿಂಗರಾಜಪುರದ ಕೇಬಲ್ ಅಂಗಡಿಯ ಇನಾಯತ್ ಉಲ್ಲಾ ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು ಬಂದ.

ಇನಾಯತ್: ಮೊಬೈಲ್ ನೆಟ್ ನಂಬ್ಬೇಡಿ ಸಾರ್, ಮೋಡ ಕಂಡ್ರೆ ಮುನಿಸ್ಕೊಳ್ಳುತ್ತೆ.

ಕಮಲವ್ವ: ಅದನ್ನೇ ಹಾಕಿಸ್ರೀ, ಮರ್ಯಾದಸ್ಥ ನೆಟ್ಟು.

ಇನಾಯತ್: ಈಗಿರೋ ಹಳೇ ಲೈನು ಇಲಿ ಕಡಿಯೋ ತನಕ ಪರವಾಗಿಲ್ಲ ಅಮ್ಮಾ.

ಕಮಲವ್ವ: ಇಲೀನೂ ಬದುಕ್ಬೇಕಲ್ಲಪ್ಪಾ.

ಶಿವರುದ್ರಪ್ಪ: ನೀನು ಸುಮ್ನಿರೇ! ಸಾಯದೇ ಇರೋದು ಯಾವ್ದು ಹೇಳಯ್ಯ.

ಇನಾಯತ್: ಫೈಬರ್ ಸಾರ್, ಜೊತೆಗೆ ಬ್ಯಾಟರಿ ಡಬ್ಬಿ. ಕರೆಂಟ್ ಹೋದ್ರೂ ನೆಟ್ ಇರುತ್ತೆ. ಯಾರಾದ್ರೂ ಪ್ಲಗ್ ಕಿತ್ರೂ ಇರುತ್ತೆ.

ಹೀಗೆಂದು ಅವನು ರೌಟರಿನ ಪ್ಲಗ್ಗಿಗೆ ಅಂಟಿದ್ದ ಕಾಯಿತುರಿಯನ್ನು ಬೆರಳಲ್ಲಿ ಒರೆಸಿ, ಕಮಲವ್ವನತ್ತ ನೋಡದೆ ಚಾವಣಿ ನೋಡಿದ. ಅಂದೇ ಫೈಬರ್ರನ್ನೂ ಬ್ಯಾಟರಿ ಡಬ್ಬಿಯನ್ನೂ ಕೂರಿಸಿ ಹೋದ.

ಮರುದಿನ ಮಾರ್ಕೆಟ್ ತೆರೆಯಿತು. ಕಮಲವ್ವ ಪ್ಲಗ್ ಕಿತ್ತಳು, ಮಿಕ್ಸಿ ಗರಗರ ಅಂದಿತು. ರೌಟರಿನ ದೀಪ ಮಾತ್ರ ಕಣ್ಣು ಮಿಟುಕಿಸುತ್ತಲೇ ಇತ್ತು.

ಶಿವರುದ್ರಪ್ಪ: ಆಹಾ, ಮಿಂಚು ಕಣೇ! ಒತ್ತಿದೆ ನೋಡು, ಮಾರು ಅಂತ! ಅಯ್ಯೋ, ಇದೇನೋ ಓಟಿಪಿ ಕೇಳ್ತಿದೆ. ಯಾವತ್ತೂ ಕೇಳಿರ್ಲಿಲ್ಲ!

ಕಮಲವ್ವ: ಯಾವತ್ತೂ ನೀವು ಅಷ್ಟು ದೂರ ಬಂದೇ ಇರ್ಲಿಲ್ಲ.

ಶಿವರುದ್ರಪ್ಪ: ನನ್ನ ಫೋನಿಗೆ ಏನೂ ಬಂದಿಲ್ವಲ್ಲೇ?

ಅಡುಗೆಮನೆಯಿಂದ ಟಿಣ್ ಎಂಬ ಸದ್ದು ಬಂತು. ಕಮಲವ್ವನ ಹೆಸರಿನ ಷೇರಿಗೆ ಕಮಲವ್ವನ ಫೋನಿಗೇ ನಂಬರು ಬಂದಿತ್ತು. ಅವಳು ಒಮ್ಮೆ ಅದನ್ನು ನೋಡಿ, ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತು, ಸೆರಗಿಗೆ ಕೈ ಒರೆಸಿಕೊಂಡು ಹೊರಬಂದಳು.

ಶಿವರುದ್ರಪ್ಪ: ಬೇಗ ಹೇಳೇ, ಟೈಮ್ ಓಡ್ತಿದೆ!

ಕಮಲವ್ವ: ನಂಬರು ಇನ್ನು ನನ್ನ ಬಾಯಿಂದ ಬರ್ಬೇಕು ರೀ. ಆ ಲೈನು ಇವತ್ತು ರಿಪೇರಿ. ಚಟ್ನಿ ಬಡಿಸ್ಲಾ?