ಲಕ್ಕಪ್ಪನ ಬಚ್ಚಲ ನೀರಾವರಿ ಯೋಜನೆ

ನೀರಿಗೆ ಬುದ್ಧಿ ಕಲಿಸಿದವನು ತಾನು ಎಂದು ಲಕ್ಕಪ್ಪ ಬಲವಾಗಿ ನಂಬಿದ್ದ. ಮೂವತ್ತು ವರ್ಷ ಕುಲಗೋಡದ ಹೊಲಗಳಿಗೆ ಕಾಲುವೆ ನೀರು ಬಿಟ್ಟ ನೀರಗಂಟಿ ಅವನು. ಗೇಟಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಎಂಥ ದೊಡ್ಡ ಕಬ್ಬಿನ ಕುಳವೂ ಎದ್ದು ನಿಂತು ನಮಸ್ಕಾರ ಹೇಳುತ್ತಿತ್ತು. ನಿವೃತ್ತಿಯಾದ ಮರುದಿನವೇ ಆ ನಮಸ್ಕಾರ ನಿಂತಿತು. ಮನೆಯಲ್ಲಂತೂ ಅದು ಶುರುವೇ ಆಗಿರಲಿಲ್ಲ, ಹಾಗಾಗಿ ನಿಲ್ಲುವ ಪ್ರಶ್ನೆಯೂ ಬರಲಿಲ್ಲ.

ನಮಸ್ಕಾರ ಹೇಳಿ ಹೇಳಿ ಸೋತವನು ಒಬ್ಬನೇ, ಅಲ್ಲಪ್ಪ ಎಂಬ ರೈತ. ಅವನ ಹೊಲ ಕಾಲುವೆಯ ಕಟ್ಟಕಡೆಗಿತ್ತು. ಮೇಲಿನವರು ಕುಡಿದು ಉಳಿದರೆ ತಾನೇ ಅವನಿಗೆ? ಸಲಿಕೆ ಹೆಗಲ ಮೇಲಿಟ್ಟು ವಾರಕ್ಕೆರಡು ಸಲ ಮನೆ ಬಾಗಿಲಿಗೆ ಬಂದು, ನೀರಿನ ಪಾಳಿ ಯಾವಾಗ ಎಂದು ಕೇಳುತ್ತಿದ್ದ. ಲಕ್ಕಪ್ಪ ತಾಟಿನಿಂದ ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದ: "ಪಾಳಿ ಬಂದ್ರ ಹೇಳಿ ಕಳಸ್ತೇನಿ. ಹೋಗಿ ಕಾಲುವಿ ದಂಡಿಗೆ ಕುಂದ್ರು." ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೆಂಚವ್ವ ಇದನ್ನು ಎಷ್ಟು ಸಾವಿರ ಸಲ ಕೇಳಿದ್ದಳೋ.

ಕೆಂಚವ್ವನದೂ ಒಂದು ಅರ್ಜಿ ಇತ್ತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಮನೆಗೊಂದು ಸಂಡಾಸ ಕೇಳಿದಳು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಲಕ್ಕಪ್ಪ ಆ ಅರ್ಜಿಯನ್ನು ಅಲ್ಲಪ್ಪನ ಅರ್ಜಿಯ ಬಾಜೂಕ್ಕೇ ಇಟ್ಟಿದ್ದ. ಅವಳು ಮೊಣಕಾಲು ಹಿಡಿದುಕೊಂಡು ಜಾಲಿ ಕಂಟಿಯ ಹಿಂದೆ ಹೋಗಿ ಬರುತ್ತಲೇ ಇದ್ದಳು. ಕಡೆಗೆ ಹೊಸ ಮನೆಯ ಪಾಯ ತೆಗೆದಾಗ, ಸಂಡಾಸ ಇಲ್ಲದ ಮನೆಗೆ ತಾನು ಕಾಲಿಡುವುದಿಲ್ಲ ಎಂದು ಹೇಳಿಬಿಟ್ಟಳು.

ಕೆಲಸಕ್ಕೆ ಕಣಗಲಾದಿಂದ ಅವಳ ತಮ್ಮ ಬಾಳೇಶ ಬಂದ. ಗೋಡೆ ಕಟ್ಟುವ ಗೌಂಡಿ. ಹೈವೇ ಬಾಜೂದ ಎಷ್ಟೋ ಮನೆಗಳಿಗೆ ಪೈಪು ಹಾಕಿದವನು. ಹಿತ್ತಲಲ್ಲಿ ಗುಂಡಿ, ನೆಟ್ಟಗೆ ಒಂದು ಪೈಪು, ಗಾಳಿ ಹೋಗಲು ಮೇಲಕ್ಕೊಂದು ಕೊಳವೆ, ಇಷ್ಟೇ ಸಾಕು ಎಂದ. ಲಕ್ಕಪ್ಪನಿಗೆ ಮೈ ಉರಿಯಿತು. ಸಾವಿರ ಎಕರೆಗೆ ನೀರು ಹಂಚಿದವನ ಮನೆಯ ನೀರಿಗೆ ಕಣಗಲಾದ ಗೌಂಡಿ ದಾರಿ ತೋರಿಸಬೇಕೆ? ಅಂಗಳದಲ್ಲಿ ಸುಣ್ಣ ಚೆಲ್ಲಿ ತನ್ನ ನಕ್ಷೆ ಬರೆದೇಬಿಟ್ಟ. ಬಚ್ಚಲ ನೀರು ಎಮ್ಮೆಯ ಹುಲ್ಲಿಗೆ, ಅಡುಗೆಮನೆ ನೀರು ಕರಿಬೇವಿನ ಮಡಿಗೆ, ಸಂಡಾಸಿನದು ಅಂಗಳದ ಆ ತುದಿಯ ಗುಂಡಿಗೆ. ಮೂರೂ ಬಂದು ಸೇರುವಲ್ಲಿ ಒಂದು ತೊಟ್ಟಿ, ತೊಟ್ಟಿಗೆ ಮೂಡಲಗಿಯ ವೆಲ್ಡಿಂಗ್ ಅಂಗಡಿಯಿಂದ ಮಾಡಿಸಿ ತಂದ ಮೂರು ಕಬ್ಬಿಣದ ಗೇಟು. (ಸರ್ಕಾರದ ಯೋಜನೆಗಾದರೂ ಇಷ್ಟು ಗೇಟು ಇರುತ್ತವೋ ಇಲ್ಲವೋ.) ಇಳಿಜಾರು ಮಾತ್ರ ಕಾಲುವೆಯ ಲೆಕ್ಕದ್ದು, ನೂರು ಅಡಿಗೆ ಒಂದು ಬೆರಳು.

"ಮಾಮಾ, ಇದು ಹೊಲದ ನೀರಲ್ರಿ," ಎಂದ ಬಾಳೇಶ. "ಇದಕ್ಕ ಇಳಿಜಾರ ಬೇಕು. ಇಲ್ಲಾಂದ್ರ ಮುಂದ ಹೋಗುದಿಲ್ಲ."

"ನೀರ ಓಡಬಾರ್ದೋ, ನಡೀಬೇಕು. ಓಡಿದ್ರ ಒಡ್ಡ ಒಡೀತೈತಿ."

ಪ್ಲಾಸ್ಟಿಕ್ ಪೈಪಿನೊಳಗೆ ಒಡ್ಡು ಎಲ್ಲಿಂದ ಬಂತು ಎಂದು ಬಾಳೇಶ ಕೇಳಲಿಲ್ಲ. ದಾರ, ಗುಂಡು, ಕರಣಿ ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದ.

ಲಕ್ಕಪ್ಪ ತಾನೇ ಆಳು ಹಚ್ಚಿ ನಕ್ಷೆಯಂತೆ ಪೈಪು ಹೂಳಿಸಿ, ಹೊಸ ಮನೆಗೆ ಸಂಸಾರ ತಂದ. ಗೇಟು ಬಂದ ಮೇಲೆ ಪಾಳಿಪಟ್ಟಿ ಬಾರದೆ ಇರುತ್ತದೆಯೇ? ಗೋಡೆಗೆ ಅಂಟಿಸಿದ: ಐದರಿಂದ ಆರು ಸ್ನಾನ, ಆರರಿಂದ ಏಳು ಪಾತ್ರೆ, ಏಳರಿಂದ ಎಂಟು ಸಂಡಾಸ. ಮೂರು ನೀರು ಒಟ್ಟಿಗೆ ಬಂದರೆ ಕಾಲುವೆ ಒಡೆಯುತ್ತದೆಂಬುದು ಅವನ ಸಿದ್ಧಾಂತ. ಕೀಲಿ ಮತ್ತೆ ಸೊಂಟಕ್ಕೇರಿತು, ಮುಖಕ್ಕೆ ಕಳೆ ಬಂತು. ಗೋಕಾಕಿನ ಕಾಲೇಜಿಗೆ ಹೋಗುವ ಮಗಳು ಐಶ್ವರ್ಯ ಒಂದು ದಿನ ಆರು ದಾಟಿ ಎದ್ದಿದ್ದಕ್ಕೆ ಸ್ನಾನವಿಲ್ಲದೆ ಬಸ್ಸು ಹಿಡಿದಳು. ಹೋಗುವಾಗ, ನಾಳೆಯಿಂದ ಅರ್ಜಿ ಬರೆದು ಕೊಡಬೇಕೇನು ಎಂದು ಅಪ್ಪನನ್ನು ಕೇಳಿದಳು. ಅಪ್ಪ ಅದನ್ನು ಒಳ್ಳೆಯ ಸಲಹೆ ಎಂದುಕೊಂಡ. ಕೆಂಚವ್ವ ಸಂಡಾಸಿನ ಬಾಗಿಲಲ್ಲಿ ಗೋಡೆ ಹಿಡಿದು ನಿಂತಾಗಲೂ ಗಡಿಯಾರ ತೋರಿಸಿ ಇನ್ನೂ ಹತ್ತು ನಿಮಿಷವಿದೆ ಎಂದ. ಹೆಂಡತಿಯ ಮೊಣಕಾಲು ಪಟ್ಟಿಯಲ್ಲಿರಲಿಲ್ಲ.

ಹನ್ನೊಂದನೆಯ ದಿನ, ನಡೆಯಬೇಕಾದದ್ದು ಪೈಪಿನೊಳಗೆ ಕುಳಿತುಬಿಟ್ಟಿತು. ಕೆಂಚವ್ವ ಬಚ್ಚಲಲ್ಲಿ ಕುಳಿತು ತಲೆಗೆ ಸೀಗೆಕಾಯಿ ಹಚ್ಚಿಕೊಂಡಿದ್ದಳು. ಹೋಗಬೇಕಾದ ನೀರು ಹೋಗದೆ, ಹೋದದ್ದೆಲ್ಲ ಕರ್ರಗೆ ತಿರುಗಿ ಮೇಲೆ ಬಂತು. ಅವಳ ಕೂಗು ಕೇಳಿ ಲಕ್ಕಪ್ಪ ತೊಟ್ಟಿಗೆ ಓಡಿದ. ಕಾಲುವೆ ಉಕ್ಕಿದಾಗ ಏನು ಮಾಡಬೇಕೆಂದು ಮೂವತ್ತು ವರ್ಷದ ಕೈಗೆ ಗೊತ್ತಿತ್ತು, ಇದ್ದ ಗೇಟುಗಳನ್ನೆಲ್ಲ ಎತ್ತಿಬಿಡಬೇಕು. ಎತ್ತಿದ. ಸಂಡಾಸಿನ ಸರಕು ಎಮ್ಮೆಯ ಹುಲ್ಲಿಗಷ್ಟು, ಕರಿಬೇವಿಗಷ್ಟು, ಹಿಂದಕ್ಕೆ ತಿರುಗಿ ಅಡುಗೆಮನೆಯ ಮೋರಿಗಷ್ಟು ಹಂಚಿಹೋಯಿತು. (ಲಕ್ಕಪ್ಪ ತನ್ನ ಜನ್ಮದಲ್ಲಿ ಸಮನಾಗಿ ಹಂಚಿದ್ದು ಇದೊಂದನ್ನೇ ಎಂದು ಓಣಿಯವರು ಆಡಿಕೊಂಡರು.)

ಕೆಂಚವ್ವ ಸೀಗೆಕಾಯಿಯ ತಲೆಯಲ್ಲೇ ಹೊರಗೆ ಬಂದಳು. ಅವಳು ಚೀರಾಡಿದ್ದರೆ ಅವನೂ ಎರಡು ಮಾತು ಚೀರಾಡಿ ಹಗುರಾಗುತ್ತಿದ್ದ.

"ಇಪ್ಪತ್ತೆಂಟ ವರ್ಷ ಜಾಲಿ ಕಂಟಿ ಹಿಂದ ಹೋಗೇನ್ರಿ," ಎಂದಳು. "ಅಲ್ಲಿ ಯಾರೂ ನನಗ ಗಡಿಯಾರ ತೋರಿಸಿರಲಿಲ್ಲ."

ಲಕ್ಕಪ್ಪನಿಗೆ ತಪ್ಪಾಯಿತು ಎನ್ನಬೇಕೆಂದಿತ್ತು. ಆದರೆ ಇಲ್ಲ ಎನ್ನುವುದೊಂದೇ ರೂಢಿಯಾಗಿದ್ದ ನಾಲಿಗೆ ಹೊರಳಲಿಲ್ಲ. ಪೊರಕೆ ಹುಡುಕಲು ಹೋದ.

ಫೋನು ಹೋಯಿತು, ಬಾಳೇಶ ಬಂದ. ಹೇಳಿರಲಿಲ್ಲವೇ ಎಂದು ಒಂದು ಮಾತು ಅಂದಿದ್ದರೂ ಲಕ್ಕಪ್ಪ ಜಗಳ ತೆಗೆಯಬಹುದಿತ್ತು. ಅವನು ಅನ್ನಲಿಲ್ಲ. ಎರಡು ದಿನ ಅಂಗಳ ಅಗೆದು, ಹಿತ್ತಲಿಗೆ ನೆಟ್ಟಗೆ ಪೈಪು ಹಾಕಿ, ಗಾಳಿ ಕೊಳವೆ ನಿಲ್ಲಿಸಿ, ಒಂದು ಕೊಡ ನೀರು ಸುರಿದ. ಅದು ಓಡಿತು, ಎಲ್ಲೂ ಏನೂ ಒಡೆಯಲಿಲ್ಲ. ಮೂರು ಗೇಟುಗಳು ಹಳೆ ಕಬ್ಬಿಣದವನ ಗಾಡಿ ಹತ್ತಿದವು. ಸಂಡಾಸಿನ ಬಾಗಿಲಿಗೆ ಬೀಗ ಬಂತು, ಅದರ ಕೀಲಿ ಕೆಂಚವ್ವನ ಸೊಂಟಕ್ಕೆ ಹೋಯಿತು.

ಮರುದಿನ ಮುಂಜಾನೆ ಲಕ್ಕಪ್ಪ ಚೆಂಬು ಹಿಡಿದು ಹೋದ. ಒಳಗೆ ಕೆಂಚವ್ವ ಇದ್ದಳು, ಆರಾಮಾಗಿ, ಯಾವ ಗಡಿಯಾರದ ಹಂಗೂ ಇಲ್ಲದೆ. ಒಂದು ಸುತ್ತು ಹಾಕಿ ಬಂದರೆ ಐಶ್ವರ್ಯ. ಇನ್ನೊಂದು ಸುತ್ತು ಹಾಕಿ ಬಂದರೆ ಊರಿಗೆ ಹೊರಟ ಬಾಳೇಶ. ಮೂರನೆಯ ಸುತ್ತು ಹಾಕಿ ಬಂದಾಗ ಬೀಗ ಬಿದ್ದಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು, ಮೆಲ್ಲಗೆ ಕೆಮ್ಮಿದ.

ಕೆಂಚವ್ವ ರೊಟ್ಟಿಯಿಂದ ತಲೆ ಎತ್ತಲಿಲ್ಲ.

"ಪಾಳಿ ಬಂದ್ರ ಹೇಳಿ ಕಳಸ್ತೇನಿ," ಎಂದಳು. "ಹೋಗಿ ಕಾಲುವಿ ದಂಡಿಗೆ ಕುಂದರ್ರಿ."

ಬೇರೆ ದಾರಿ ಇರಲಿಲ್ಲ. ಲಕ್ಕಪ್ಪ ಚೆಂಬನ್ನು ಪಂಚೆಯ ಸೆರಗಿನಲ್ಲಿ ಮುಚ್ಚಿಕೊಂಡು ಬಿರಬಿರನೆ ಕಾಲುವೆಯತ್ತ ನಡೆದ. ಅಲ್ಲಿ ಸಲಿಕೆ ಬಾಜೂಕ್ಕಿಟ್ಟುಕೊಂಡು ಅಲ್ಲಪ್ಪ ಕುಳಿತಿದ್ದ. ನೀರಗಂಟಿ ಬದಲಾದರೂ ಅವನ ಹೊಲ ಇದ್ದಲ್ಲೇ ಇತ್ತಲ್ಲ. ಚೆಂಬನ್ನೂ ಮುಖವನ್ನೂ ನೋಡಿ ಅವನು ನಗಲಿಲ್ಲ, ಸಲಿಕೆ ಸರಿಸಿ ಜಾಗ ಮಾಡಿಕೊಟ್ಟ.

"ನಿಮ್ಮ ಪಾಳಿ ಯಾವಾಗಂತ್ರಿ?" ಎಂದು ಕೇಳಿದ.

"ಹೇಳಿ ಕಳಸ್ತಾರಂತ," ಎಂದ ಲಕ್ಕಪ್ಪ.