ಅತ್ತೆಯ ಪುಸ್ತಿಕೆಯೂ ಒಂದು ಪೆನ್‌ಡ್ರೈವೂ

ಬ್ರಾಬಿಯ ಕಂಪ್ಯೂಟರಿನ ಬೆನ್ನಿಗೆ ಸದಾ ಒಂದು ಪೆನ್‌ಡ್ರೈವ್ ಅಂಟಿಕೊಂಡಿರುತ್ತಿತ್ತು. ಶುಕ್ರವಾರ ಬೆಳಿಗ್ಗೆ ಅವನು ತನ್ನ ಪ್ರಿಂಟಿಂಗ್ ಅಂಗಡಿ ತೆಗೆದರೆ ಅದು ಅಲ್ಲಿರಲಿಲ್ಲ.

ಕುಮಾಸಿ ನಗರದ ಗುಜರಿಗಳನ್ನೆಲ್ಲ ಜಾಲಾಡಿ, ಬಿಡಿಭಾಗ ಹೆಕ್ಕಿ ತಂದು ಅವನೇ ಜೋಡಿಸಿದ ಕಂಪ್ಯೂಟರ್ ಅದು. ಒಳಗೆ ಹಾಕಿದ್ದ ಆಪರೇಟಿಂಗ್ ಸಿಸ್ಟಮ್ ಮಾತ್ರ ದೊಡ್ಡ ಮನೆತನದ್ದು. ತನ್ನ ಕಂಪನಿಯ ಯಂತ್ರ ಬಿಟ್ಟು ಬೇರೆಲ್ಲೂ ಕಾಲಿಡುವುದಿಲ್ಲ ಎಂದು ಹಟ ಮಾಡುವಂಥದು. ಸ್ವಿಚ್ಚು ಒತ್ತಿದೊಡನೆ 'ಇದು ತಮ್ಮ ಮನೆಯೇ, ದಯಮಾಡಿಸಿ' ಎಂದು ಅದಕ್ಕೆ ಸುಳ್ಳು ಹೇಳಿ ಒಳಗೆ ಕರೆಯುತ್ತಿದ್ದದ್ದು ಪೆನ್‌ಡ್ರೈವಿನಲ್ಲಿದ್ದ ಬೂಟ್‌ಲೋಡರ್ ಎಂಬ ಪುಟ್ಟ ತಂತ್ರಾಂಶ. ಅದಿಲ್ಲದೆ ಕಂಪ್ಯೂಟರ್ ಏಳದು. ಆ ಸುಳ್ಳಿನ ಇನ್ನೊಂದು ಪ್ರತಿ ಇದ್ದದ್ದು ಕಂಪ್ಯೂಟರಿನ ಒಳಗೇ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುವ ಜಾಣರಿಗೆ ಯಾವ ಊರಲ್ಲೂ ಬರವಿಲ್ಲ.

ಮರುದಿನ ಅತ್ತೆಯ ಅಂತ್ಯಕ್ರಿಯೆ. ಅಳಿಯನ ಯೋಗ್ಯತೆ ಊರಿಗೆ ತಿಳಿಯುವುದು ಅತ್ತೆ ಸತ್ತಾಗಲೇ. ದೊಡ್ಡಳಿಯ ಶವಪೆಟ್ಟಿಗೆ ತಂದಿದ್ದ, ಚಿಕ್ಕಳಿಯ ಶಾಮಿಯಾನ ಹಾಕಿಸಿದ್ದ. ನಡುವಿನವನಾದ ಬ್ರಾಬಿ, ಅತ್ತೆಯ ಜೀವನಕತೆ ಇರುವ ಪುಸ್ತಿಕೆ ಮುನ್ನೂರು ಪ್ರತಿ ತನ್ನದು ಎಂದಿದ್ದ. ಪುಸ್ತಿಕೆ ಇದ್ದದ್ದು ಅದೇ ಕಂಪ್ಯೂಟರಿನಲ್ಲಿ, ಇವತ್ತೇ ಸಂಜೆ ನಾಲ್ಕಕ್ಕೆ ಕೊಡಬೇಕು. ಯಾವ ಅಳಿಯ ಏನು ತಂದ ಎಂದು ಮೈಕಿನಲ್ಲಿ ಕೂಗುತ್ತಾರೆ. ಬರಿಗೈಯಲ್ಲಿ ಬಂದವನ ಹೆಸರನ್ನು ಇನ್ನೂ ಜೋರಾಗಿ ಕೂಗುತ್ತಾರೆ.

ಹೆಂಡತಿಗೆ ಫೋನು ಮಾಡಿದ. "ಹಿಂದುಗಡೆ ಸುಮ್ನೆ ಸಿಕ್ಕಿಸಿದ್ರಲ್ಲ, ಅದಾ? ನಿನ್ನೆ ಫ್ರಿಂಪಾಂಗ್‌ಗೆ ಕೊಟ್ಟೆ ರೀ. ನಾಳೆ ಹಾಕೋ ಹಾಡು ತುಂಬ್ಸೋಕೆ," ಎಂದಳು ಅಫ್ರಾಕೊಮಾ.

ಪಕ್ಕದ ಮಳಿಗೆಯಲ್ಲಿ ಧ್ವನಿವರ್ಧಕ ಬಾಡಿಗೆಗೆ ಕೊಡುವ ಫ್ರಿಂಪಾಂಗ್ ಹಲ್ಲು ಬಿಟ್ಟ. "ಅದ್ರಲ್ಲಿ ಏನೋ ಮೂರು ಫೈಲು ಕಸ ಇತ್ತಣ್ಣ. ಒರೆಸಿ ಕ್ಲೀನ್ ಮಾಡ್ದೆ."

"ಆ ಕಸಾನೇ ಕಣೋ ನನ್ನ ಅನ್ನ."

ಬ್ರಾಬಿ ಪೆನ್‌ಡ್ರೈವ್ ಕಿತ್ತುಕೊಂಡ, ಫ್ರಿಂಪಾಂಗನ ಲ್ಯಾಪ್‌ಟಾಪನ್ನೂ ಎಳೆದುಕೊಂಡ. "ತಡಿ ಅಣ್ಣ, ನಿಮ್ಮತ್ತೆ ಮನೆ ಹಿರಿಯರು ನಿನ್ನೆ ಸಂಜೆ ಇಸ್ಕೊಂಡು ಹೋಗಿ ಅದ್ರಲ್ಲಿ ಏನೋ ಹಾಕಿಸ್ಕೊಂಡು ಬಂದಿದಾರೆ. ನಾನಿನ್ನೂ ನೋಡಿಲ್ಲ. ಒಂದು ಕಾಪಿ..." ಎಂದ ಫ್ರಿಂಪಾಂಗ್.

"ಬಾಯಿ ಮುಚ್ಚು," ಎಂದು ಬ್ರಾಬಿ ಇದ್ದದ್ದನ್ನೆಲ್ಲ ಅಳಿಸಿ ಹಾಕಿದ. ನಿಜಕ್ಕೂ ಅಳಿಸುವ ಅಗತ್ಯವಿರಲಿಲ್ಲ, ಜಾಗ ಬೇಕಾದಷ್ಟಿತ್ತು. ಸಿಟ್ಟು ಬಂದಾಗ ಜಾಗ ಯಾರಿಗೆ ಕಾಣುತ್ತದೆ?

ಬೂಟ್‌ಲೋಡರ್ ಹೊಸದಾಗಿ ಇಳಿಸಿಕೊಂಡ. ಅದರ ಸೆಟ್ಟಿಂಗ್ ಫೈಲನ್ನು ನೆನಪಿನಿಂದ ಸಾಲು ಸಾಲಾಗಿ ಬರೆದ. ಮೊದಲ ಸಲ ಪರದೆ ಕಪ್ಪಾಗಿ ನಿಂತಿತು. ಎರಡನೇ ಸಲ ಬಿಳಿ ಅಕ್ಷರಗಳು ಇರುವೆಸಾಲಿನಂತೆ ಹರಿದು ನಡುವೆ ನಿಂತುಬಿಟ್ಟವು. ಇಂಥದೇ ಕಂಪ್ಯೂಟರ್ ಕಟ್ಟಿದವರ ಬಳಗವೊಂದು ಅಂತರ್ಜಾಲದಲ್ಲಿತ್ತು, ಅಲ್ಲಿ ಕೇಳಿದ. 'ಮೊದಲು ಕೈಪಿಡಿ ಓದು' ಎಂದನೊಬ್ಬ. 'ಇದಕ್ಕೆ ಎಂದೋ ಉತ್ತರ ಕೊಟ್ಟಾಗಿದೆ' ಎಂದ ಇನ್ನೊಬ್ಬ, ಎಲ್ಲಿ ಎಂದು ಹೇಳಲಿಲ್ಲ. ಬ್ರಾಬಿ ಇಬ್ಬರ ವಂಶವನ್ನೂ ಜಾಲಾಡಿ ಬೈದ.

ಬೈಗುಳ ಕೇಳಿ ಎದುರಿನ ಕ್ಷೌರಿಕ ಬಂದು "ಧೂಳು ಊದಿ ನೋಡು" ಎಂದು ತಾನೇ ಊದಿದ. ಎದ್ದ ಧೂಳಿಗೆ ಬ್ರಾಬಿ ಹತ್ತು ಸಲ ಸೀನಿದ. ಟೈಲರ್ ಸೆರ್ವಾಕ್ಕ ಕೈಯಲ್ಲಿ ಮೆಕ್ಕೆಜೋಳದ ಕೆಂಕೆ ಮುದ್ದೆ ಹಿಡಿದೇ ಒಳಗೆ ಬಂದಳು.

"ಏನಪ್ಪಾ ಬರೀತಿದೀಯ ಅಷ್ಟೊತ್ತಿಂದ?"

"ಸುಳ್ಳು," ಎಂದು ಗುರುಗುಟ್ಟಿದ ಬ್ರಾಬಿ. "ಈ ಡಬ್ಬ ಆ ಕಂಪನೀದೇ ಅಂತ."

"ಎಲ್ಲಾ ಕಡೆ ಒಂದೇ ಸುಳ್ಳು ಹೇಳಿದೀಯಾ? ನಮ್ಮನೆಯವ್ರು ಸಿಕ್ಕಿಬೀಳೋದೇ ಅಲ್ಲಿ. ನಂಗೊಂದು ಊರು ಹೇಳ್ತಾರೆ, ಅವರಮ್ಮಂಗೆ ಇನ್ನೊಂದು."

ಬ್ರಾಬಿ ಅವಳನ್ನು ಹೊರಗಟ್ಟಲು ಎದ್ದವನು ಹಾಗೇ ಕೂತು ಫೈಲು ನೋಡಿದ. ಮೇಲೊಂದು ಮಾಡೆಲ್ಲಿನ ಹೆಸರು, ಕೆಳಗೆ ಇನ್ನೊಂದರದು. ತಿದ್ದಿದ. ಕಂಪ್ಯೂಟರ್ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದಕ್ಕೂ ಅವನಿಗೆ ಸಿಟ್ಟೇ ಬಂತು.

ನಾಲ್ಕಕ್ಕೆ ಸರಿಯಾಗಿ ಅತ್ತೆಯ ತಮ್ಮ, ಮನೆತನದ ಹಿರಿಯ ಅಮ್ವಾಕೊ ಬಂದರು. ಮುನ್ನೂರು ಪುಸ್ತಿಕೆ ಬಿಸಿಬಿಸಿಯಾಗಿ ಕೂತಿದ್ದವು. ಒಂದನ್ನು ಎತ್ತಿ ನೋಡಿ ತಲೆದೂಗಿದರು. "ಮಾನ ಉಳಿಸ್ಕೊಂಡೆ ಅಳಿಯಾ. ಆದ್ರೆ ನಾಳೆ ನಿಂಗೆ ಇದಕ್ಕಿಂತ ದೊಡ್ಡ ಮರ್ಯಾದೆ ಕಾದಿದೆ."

"ಏನು ಮಾವ?"

"ಅಕ್ಕ ಹತ್ತೊಂಬತ್ತು ವರ್ಷ ನಿನ್ನ ಬೈದಿದ್ದೇ ಬೈದಿದ್ದು. ಸಾಯೋಕೆ ಒಂದು ವಾರ ಮುಂಚೆ ನನ್ನ ಕೂರಿಸ್ಕೊಂಡು ಫೋನಲ್ಲಿ ಮಾತು ರೆಕಾರ್ಡ್ ಮಾಡಿಸಿದ್ಲು. ಮೂರು ಅಳಿಯಂದ್ರಲ್ಲಿ ಗಂಡಸು ಅಂದ್ರೆ ಬ್ರಾಬಿ ಒಬ್ನೇ, ಅವನ ಹತ್ರ ಕ್ಷಮೆ ಕೇಳ್ತೀನಿ ಅಂದ್ಲು. ಆ ಫೋನು ಕೈಜಾರಿ ಒಡೆದೋಯ್ತು. ರಿಪೇರಿಯವನು ಅದೊಂದನ್ನ ಹೇಗೋ ತೆಗೆದು ಫ್ರಿಂಪಾಂಗ್ ಕೊಟ್ಟ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಬೇರೆ ಕಾಪಿ ಎಲ್ಲೂ ಇಲ್ಲ. ನಾಳೆ ಆ ಇಬ್ರ ಮುಂದೆ, ಊರ ಮುಂದೆ ಮೈಕಲ್ಲಿ ಕೇಳಿಸ್ತೀವಿ."

ಹಿರಿಯರ ಹಿಂದೆಯೇ ಬಂದಿದ್ದ ಫ್ರಿಂಪಾಂಗ್ ಗೋಡೆ ನೋಡುತ್ತ ನಿಂತ. ಬ್ರಾಬಿ ಕಂಪ್ಯೂಟರಿನ ಬೆನ್ನಿಗಿದ್ದ ಪೆನ್‌ಡ್ರೈವಿಗೆ ಕೈ ಅಡ್ಡ ಹಿಡಿದ, ಬೆಳಿಗ್ಗೆ ತಾನು ಅಳಿಸಿದ್ದು ಅದನ್ನೇ. ದಿನವಿಡೀ ಊರವರ ಮೇಲೆ ಹಾರಿದ ಸಿಟ್ಟಿಗೆ ಈಗ ಹಾರಲು ಅವನೊಬ್ಬನೇ ಉಳಿದಿದ್ದ.

"ಮಾವ," ಎಂದ ಮೆಲ್ಲಗೆ, "ನಾಳೆ ಅದನ್ನ ನೀವೇ ಬಾಯಲ್ಲಿ ಹೇಳ್ಬಿಟ್ರೆ ಆಗಲ್ವಾ?"

"ಹುಚ್ಚಾ," ಎಂದು ನಕ್ಕು ಹಿರಿಯರು ಪೆನ್‌ಡ್ರೈವಿಗಾಗಿ ಕೈ ಚಾಚಿದರು. "ಅಕ್ಕ ನಿನ್ನ ಹೊಗಳಿದ್ಲು ಅಂತ ನಾನು ಹೇಳಿದ್ರೆ ಈ ಊರಲ್ಲಿ ಯಾವನಾದ್ರೂ ನಂಬ್ತಾನಾ?"